ಬೀಗಿತ್ತಿ ಕಳಿಸಿದ ಏಡಿ

ಏಪ್ರಿಲ್ 4, ಶುಕ್ರವಾರ

ವಾಟರ್‌ಫರ್ಡ್ ನಗರದ ಸಮಸ್ತ ಪ್ರಜೆಗಳ ಗಮನಕ್ಕೆ: ನಮ್ಮ ಮನೆಯೆದುರಿನ ಹುಲ್ಲಿನಲ್ಲಿ ನಾನು ವಿಧಿಪೂರ್ವಕವಾಗಿ ನೆಟ್ಟಿದ್ದ ನೋಟಿಸನ್ನು ಇಂದು ಮಧ್ಯಾಹ್ನ ಪಪ್ಪ ಕಿತ್ತುಹಾಕಿದರು. ಈ ದೇಶದಲ್ಲಿ ಮನೆಗೆ ಒಂದು ಕೋಣೆ ಸೇರಿಸುವುದಿದ್ದರೂ ಕೌನ್ಸಿಲ್‌ಗೆ ಅರ್ಜಿ ಹಾಕಿ, ಬೀದಿಗೆ ಕಾಣುವಂತೆ ನೋಟಿಸ್ ಹಚ್ಚಬೇಕು. ಪಪ್ಪನ ಹೆಸರಿನಲ್ಲಿ ನಾನು ಬರೆದದ್ದರಲ್ಲಿ ‘ಇಗ್ನೇಷಿಯಸ್ ಸೆರಾವೊ ಎಂಬ ನಾನು ಇಲ್ಲಿ ಮೂರು ಮಹಡಿಯ ಕೋಳಿಗೂಡನ್ನು ಲಿಫ್ಟ್ ಸಮೇತ ಕಟ್ಟಿಸಲಿದ್ದೇನೆ’ ಎಂದಿತ್ತು. ಪಕ್ಕದ ಮನೆಯ ಮಿಸೆಸ್ ಪವರ್ ಬಂದು, ಲಿಫ್ಟಿಗೆ ತಮ್ಮ ಆಕ್ಷೇಪವಿಲ್ಲ, ಆದರೆ ಹುಂಜ ಮಾತ್ರ ಬೇಡ ಎಂದು ಹೇಳಿ ಹೋದರಂತೆ.

ಪಪ್ಪ ನಕ್ಕರು. ಆದರೆ ಅರ್ಧ ನಕ್ಕರು. ಕಾರಣ ಗೊತ್ತಿರುವುದು ನನಗೊಬ್ಬಳಿಗೆ.

ನಿನ್ನೆ ಸಕ್ಕರೆ ಕಾಯಿಲೆಯ ಚೆಕಪ್ ಎಂದು ನನ್ನನ್ನೇ ಡ್ರೈವರ್ ಮಾಡಿಕೊಂಡು ಆಸ್ಪತ್ರೆಗೆ ಹೋದರು. ಒಳಗೆ ಹೋಗಿ ನೋಡಿದರೆ ಅದು ಲಿವರ್ ಡಾಕ್ಟರ ಕೋಣೆ. ಕೊಬ್ಬಿನಿಂದ, ಸಕ್ಕರೆಯಿಂದ ವರ್ಷಗಟ್ಟಲೆ ಕೆಟ್ಟು ಲಿವರ್ ಗಟ್ಟಿಯಾಗಿದೆಯಂತೆ. ಸಿರೋಸಿಸ್. ಡಾಕ್ಟರಮ್ಮ ಬಹಳ ಮೆಲ್ಲಗೆ ಮಾತಾಡಿದರು. ಇಲ್ಲಿಯವರು ಮೆಲ್ಲಗೆ ಮಾತಾಡಿದರೆ ವಿಷಯ ದೊಡ್ಡದು ಎಂದರ್ಥ.

ಕಾರಿನಲ್ಲಿ ಪಪ್ಪ ನನ್ನಿಂದ ಪ್ರಮಾಣ ಮಾಡಿಸಿಕೊಂಡರು. ಡೆರಿಕ್ ಅಣ್ಣನ ಮದುವೆಯ ಮಾತು ಗಟ್ಟಿಯಾಗುವವರೆಗೆ ಮಮ್ಮಿಗೂ ಹೇಳಬಾರದು, ಅಣ್ಣನಿಗೂ ಹೇಳಬಾರದು. “ಲಿವರ್ ಅಂದ್ರೆ ಸಾಕು, ಜನ ಬಾಟ್ಲಿ ಲೆಕ್ಕ ಹಾಕ್ಲಿಕ್ಕೆ ಶುರು ಮಾಡ್ತಾರೆ. ಹುಡುಗಿಯ ಕಡೆಯವರು ಎಂತ ಗ್ರಹಿಸ್ಬೇಡ?” ಎಂದರು. ಕ್ರಿಸ್ಮಸ್ಸಿಗೆ ಅರ್ಧ ಗ್ಲಾಸ್ ವೈನ್ ಕುಡಿದು ಸೋಫಾದಲ್ಲಿ ನಿದ್ದೆ ಮಾಡುವ ಮನುಷ್ಯ.

ಈ ಡೈರಿ ಕನ್ನಡದಲ್ಲಿ ಬರೆಯುವುದರ ಲಾಭ ಈಗ ಗೊತ್ತಾಗುತ್ತಿದೆ. ಕಾಲೇಜಿನ ಗೆಳತಿಯರಿಗೆ ಓದಲು ಬಾರದು, ಮಮ್ಮಿಗೆ ಕನ್ನಡಕ ಸಿಗದು.

ಏಪ್ರಿಲ್ 6, ಭಾನುವಾರ

ಇಂದು ಸೆರಾವೊ ಅರಮನೆಯಲ್ಲಿ ರಾಜತಾಂತ್ರಿಕ ವಿಡಿಯೊ ಸಭೆ ನಡೆಯಿತು. ಆ ಕಡೆ ತನ್ನ ಕೆಲಸದ ಊರಾದ ಸ್ಯಾಂಡಿಫರ್ಡಿನಿಂದ ಡೆರಿಕ್ ಅಣ್ಣ ಮತ್ತು ಅವನ ಆಫೀಸಿನವಳೇ ಆದ ಸುಜಿನ್. ಈ ಕಡೆ ಹೊಸ ಸೀರೆಯಲ್ಲಿ ಮಮ್ಮಿ, ಇಸ್ತ್ರಿ ಶರ್ಟಿನಲ್ಲಿ ಪಪ್ಪ, ಕೆಳಗೆ ಪೈಜಾಮ ಎಂಬುದು ಕ್ಯಾಮೆರಾಕ್ಕೆ ತಿಳಿಯದು. ಸುಜಿನ್‌ಳ ಅಮ್ಮ ಕೊರಿಯಾದಿಂದ ಗುರುವಾರ ಬರುತ್ತಾರೆ. ಗಂಡ ಇಲ್ಲ. ಊರು ಯೊಸು ಎಂಬ ಬಂದರು. ಕಥೊಲಿಕರು, ಅಮ್ಮನ ಜ್ಞಾನಸ್ನಾನದ ಹೆಸರು ಅಗಾಥಾ. ಇದನ್ನು ಕೇಳಿದ್ದೇ ಮಮ್ಮಿ ಫೋನಿಗೆ ಕೈ ಮುಗಿದರು. ಮಗ ಕೊರಿಯನ್ ಹುಡುಗಿಯನ್ನು ತರುತ್ತಾನೆ ಎಂದು ಮೂರು ತಿಂಗಳು ಅತ್ತಿದ್ದವರು, ಈಗ ಸಾಕ್ಷಾತ್ ನಮ್ಮ ಇಗರ್ಜಿಯ ಬೆಂಚಿನಿಂದಲೇ ಸಂಬಂಧ ಬಂದಂತೆ ಮಿಸೆಸ್ ಪವರ್‌ಗೆ ಹೇಳಲು ಓಡಿದರು.

ಮದುವೆ ಬರುವ ವರ್ಷದ ಮೇ ತಿಂಗಳಲ್ಲಿ. ಹೋಟೆಲಿನ ಹಾಲ್ ಅದಕ್ಕೆ ಮೊದಲು ಖಾಲಿ ಇಲ್ಲವಂತೆ.

ಪಪ್ಪ “ಗ್ರ್ಯಾಂಡ್, ಗ್ರ್ಯಾಂಡ್” ಎಂದರು. ಇಲ್ಲಿಗೆ ಬಂದು ಅವರು ಕಲಿತ ಅತ್ಯುತ್ತಮ ಶಬ್ದ ಅದು. ಕಾಲು ಮುರಿದರೂ ಗ್ರ್ಯಾಂಡ್.

ಏಪ್ರಿಲ್ 9, ಬುಧವಾರ

ಸಂಶೋಧನಾ ವರದಿ. ಸುಜಿನ್‌ಗೆ ಫೋನ್ ಮಾಡಿ, ನಿಮ್ಮಲ್ಲಿ ಬೀಗರ ಊಟಕ್ಕೆ ಏನು ಮಾಡುತ್ತಾರೆ ಎಂದು ಕೇಳಿದೆ. ಯೊಸುವಿನವರಾದರೆ ಗೆಜಾಂಗ್ ಬೇಕೇ ಬೇಕಂತೆ. ಅಂದರೆ ಏಡಿ. ಹಸಿ ಏಡಿ. ತೊಳೆದು ಜಾಡಿಯಲ್ಲಿ ಹಾಕಿ, ಬೆಳ್ಳುಳ್ಳಿ ಶುಂಠಿ ಮೆಣಸು ಕುದಿಸಿ ತಣಿಸಿದ ಸೋಯಾ ಸಾಸನ್ನು ಮುಳುಗುವಷ್ಟು ಹೊಯ್ಯುತ್ತಾರೆ. ಮರುದಿನ ಸಾಸ್ ಬಸಿದು ಮತ್ತೆ ಕುದಿಸಿ, ತಣಿಸಿ, ಮತ್ತೆ ಹೊಯ್ಯುತ್ತಾರೆ. ಸಾಸಿಗೆ ಎರಡು ಮೂರು ಸಲ ಬೆಂಕಿ, ಏಡಿಗೆ ಒಂದು ಸಲವೂ ಇಲ್ಲ. ಎಂಥ ನ್ಯಾಯ.

ಅದಕ್ಕೆ ಅಲ್ಲಿಯ ಅಡ್ಡಹೆಸರು ‘ಅನ್ನಗಳ್ಳ’. ಅದು ಎಲೆಗೆ ಬಂದರೆ ತಟ್ಟೆಯ ಅನ್ನ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲವಂತೆ. ಕೊನೆಗೆ ಚಿಪ್ಪಿನೊಳಗೇ ಅನ್ನ ಹಾಕಿ ಕಲಸಿ ತಿನ್ನುತ್ತಾರೆ. ಮುನ್ನೂರು ವರ್ಷ ಹಿಂದೆ ಅಲ್ಲಿಯ ಒಬ್ಬ ರಾಜ ಇದನ್ನು ತಿಂದು, ಮೇಲಿಂದ ಪರ್ಸಿಮನ್ ಹಣ್ಣು ತಿಂದು, ಕೆಲವೇ ದಿನಗಳಲ್ಲಿ ತೀರಿಕೊಂಡನಂತೆ. ಏಡಿ ಕಳಿಸಿದ್ದು ತಮ್ಮ ಎಂದು ಜನ ಆಡಿಕೊಂಡರಂತೆ. ಆ ತಮ್ಮನೇ ಮುಂದಿನ ರಾಜ. ಡೆರಿಕ್ ಅಣ್ಣನಿಗೆ ಈ ಚರಿತ್ರೆಯನ್ನು ವಾಟ್ಸಾಪ್ ಮಾಡಿ, ಕೆಳಗೆ ‘ನಿನ್ನ ಪ್ರೀತಿಯ ತಂಗಿ’ ಎಂದು ಸಹಿ ಹಾಕಿದೆ. ಉತ್ತರವಿಲ್ಲ.

ಅಪಾಯಗಳನ್ನೂ ಓದಿದೆ. ಹೊಳೆಯ ಏಡಿಯಾದರೆ ಶ್ವಾಸಕೋಶದಲ್ಲಿ ಮನೆ ಮಾಡುವ ಹುಳ, ಕಡಲಿನದಾದರೆ ವಾಂತಿ ಭೇದಿಯ ವೈರಸ್. ಉಪ್ಪಿಗೆ ಎಲ್ಲವೂ ಸಾಯುವುದಿಲ್ಲ. ಆದರೂ ಶತಮಾನಗಳಿಂದ ಜನ ತಿನ್ನುತ್ತಿದ್ದಾರೆ, ಮತ್ತೆ ಅನ್ನ ಕೇಳುತ್ತಿದ್ದಾರೆ. ನನಗಂತೂ ಹೆದರಿಕೆಗಿಂತ ಆಸೆಯೇ ಹೆಚ್ಚಾಯಿತು.

ಏಪ್ರಿಲ್ 13, ಭಾನುವಾರ

ಗರಿಗಳ ಹಬ್ಬದ ಪೂಜೆ ಮುಗಿಸಿ, ಸುಜಿನ್‌ಳ ಅಮ್ಮ ಅಗಾಥಾ ಬಾಯಿಯವರನ್ನು ಡನ್‌ಮೋರ್ ಈಸ್ಟ್ ಬಂದರಿಗೆ ಕರೆದುಕೊಂಡು ಹೋದೆವು. ಗಿಡ್ಡಗೆ, ಬೆಳ್ಳಗೆ, ನೆಟ್ಟಗೆ ನಿಲ್ಲುವ ಹೆಂಗಸು. ಇಂಗ್ಲಿಷ್ ಒಂದು ಹಿಡಿಯಷ್ಟು. ಅದನ್ನು ಉಪ್ಪಿನಂತೆ ಬೇಕಾದಲ್ಲಿ ಮಾತ್ರ ಹಾಕುತ್ತಾರೆ.

ಒಂದು ದೋಣಿಯಲ್ಲಿ ಜೀವಂತ ಏಡಿ ಇತ್ತು. ಇಲ್ಲಿಯವರು ವೆಲ್ವೆಟ್ ಎನ್ನುವ ಜಾತಿ, ಮೈಮೇಲೆ ಮಖಮಲ್ಲಿನಂಥ ರೋಮ, ಕಣ್ಣು ಕೆಂಪು. ಊರಿನವರು ಯಾರೂ ತಿನ್ನುವುದಿಲ್ಲ, ಎಲ್ಲವೂ ಸ್ಪೇನಿಗೆ ಹೋಗುತ್ತದೆ. ಅಗಾಥಾ ಬಾಯಿ ಒಂದನ್ನು ಎತ್ತಿ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ತಲೆಯಾಡಿಸಿ ವಾಪಸು ಹಾಕಿದರು. ಅದೇ ಹೊತ್ತಿಗೆ ಮಮ್ಮಿಯೂ ಇನ್ನೊಂದನ್ನು ಎತ್ತಿ ಒತ್ತಿ ವಾಪಸು ಹಾಕಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಗಾಥಾ ಬಾಯಿ ಆಕಾಶಕ್ಕೆ ಕೈ ತೋರಿಸಿ ದೊಡ್ಡ ಸೊನ್ನೆ ಬರೆದರು.

“ಹುಣ್ಣಿಮೆ,” ಎಂದರು ಮಮ್ಮಿ, ಕಣ್ಣು ಅರಳಿಸಿ. “ನೋಡು ರೆಶೆಲ್, ಅವರಿಗೂ ಗೊತ್ತುಂಟು. ಹುಣ್ಣಿಮೆಗೆ ಏಡಿ ಟೊಳ್ಳು.”

ಏಳು ಸಮುದ್ರ ದಾಟಿದರೂ ಚಂದ್ರ ಅದೇ, ಏಡಿಯ ಹಟವೂ ಅದೇ. ದೋಣಿಯವನು ಇಬ್ಬರು ಪೂರ್ವದೇಶದ ಹೆಂಗಸರು ತನ್ನ ಬುಟ್ಟಿಯನ್ನು ಪರಿಶೀಲಿಸಿ ತಿರಸ್ಕರಿಸಿದ್ದನ್ನು ನೋಡಿ ಬಾಯಿ ತೆರೆದು ನಿಂತ. ಅಮಾವಾಸ್ಯೆಗೆ ಮುಂಚೆ ಮತ್ತೆ ಬರುವುದೆಂದು ತೀರ್ಮಾನವಾಯಿತು. ಬೀಗರ ಊಟ ನಮ್ಮ ಮನೆಯಲ್ಲಿ, ಇಪ್ಪತ್ತೇಳನೇ ತಾರೀಕು.

ಏಪ್ರಿಲ್ 14, ಸೋಮವಾರ

ಪಪ್ಪನ ಕೋಟಿನ ಜೇಬಿನಲ್ಲಿ ಪುದೀನಾ ಗುಳಿಗೆ ಹುಡುಕುವಾಗ ಆಸ್ಪತ್ರೆಯ ಕರಪತ್ರ ಸಿಕ್ಕಿತು. ಉಪ್ಪು ಕಡಿಮೆ, ಮದ್ಯ ಇಲ್ಲ, ಇತ್ಯಾದಿ. ಕೆಳಗೆ ದಪ್ಪ ಅಕ್ಷರದಲ್ಲಿ, ಹಸಿ ಚಿಪ್ಪುಮೀನು ಏಡಿ ಯಾವುದನ್ನೂ ತಿನ್ನಬಾರದು.

ಇನ್ನಷ್ಟು ಓದಿದೆ. ಕಡಲ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಎಲ್ಲ ಕಡೆ ಅಲ್ಲ, ಎಲ್ಲ ಕಾಲಕ್ಕೂ ಅಲ್ಲ, ತಣ್ಣಗಿನ ನೀರಿನಲ್ಲಿ ಬಹಳ ಅಪರೂಪ. ಲಿವರ್ ಸರಿಯಿದ್ದವರ ಹೊಟ್ಟೆಗೆ ಹೋದರೆ ಹೊಟ್ಟೆನೋವು. ಲಿವರ್ ಕೆಟ್ಟವರಿಗೆ ಅದು ನೇರ ರಕ್ತಕ್ಕೆ ಇಳಿಯುತ್ತದೆ, ಆಮೇಲೆ ಎರಡು ದಿನದ ಮಾತು. ಬೇಯಿಸಿದರೆ ಸಾಯುತ್ತದೆ. ಅಷ್ಟೇ ಸುಲಭ.

ಪಪ್ಪ ಗ್ಯಾರೇಜಿನಲ್ಲಿದ್ದರು. ಹೋಗಿ ಹೇಳಿದೆ. ಕೇಳಿಸಿಕೊಂಡರು.

“ಒಂದು ತುಂಡು ತಿಂದ್ರೆ ಎಂತ ಆಗುದಿಲ್ಲ,” ಎಂದರು.

“ಆಗ್ತದೆ ಅಂತಲೇ ಬರೆದದ್ದು ಪಪ್ಪಾ.”

“ಆ ಹೆಂಗ್ಸು ಅಷ್ಟು ದೂರದಿಂದ ಬಂದು ಮಾಡ್ತಾರೆ. ಬೀಗರು ಎಲೆಗೆ ಹಾಕಿದ್ದನ್ನು ಬೇಡ ಅನ್ಲಿಕ್ಕುಂಟಾ? ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂದ್ರೆ ಎಂತ ಹೇಳುದು ನಾನು?”

ನಾನು ಏಡಿ ಅಲರ್ಜಿ ಎಂದು ಹೇಳಿ ಎಂದೆ. ನಿನ್ನೆ ಬಂದರಿನ ಹೋಟೆಲಿನಲ್ಲಿ ಅವರ ಎದುರೇ ಬೇಯಿಸಿದ ಏಡಿಯ ಕೊಂಬು ಕಡಿದು ಚೀಪಿದ್ದನ್ನು ಪಪ್ಪನೇ ನೆನಪಿಸಿದರು. ನಂತರ ನನ್ನ ತಲೆ ಸವರಿ, ಮುಂದಿನ ನೋಟಿಸು ಯಾವಾಗ, ಈ ಸಲ ಹಂದಿಗೂಡು ಆಗಲಿ ಎಂದರು.

ಈ ವಾರ ಅಂಥ ಕೆಲಸಕ್ಕೆ ಪುರಸೊತ್ತಿಲ್ಲ.

ಏಪ್ರಿಲ್ 18, ಶುಭ ಶುಕ್ರವಾರ

ಉಪವಾಸ. ಪಪ್ಪ ಶಿಲುಬೆಯ ಹಾದಿಯಲ್ಲಿ ಪ್ರತಿ ಸಲ ಮೊಣಕಾಲೂರಿ ಏಳುವಾಗ ಮುಂದಿನ ಬೆಂಚನ್ನು ಹಿಡಿದುಕೊಂಡರು. ಮೊದಲು ಹಿಡಿಯುತ್ತಿದ್ದರೋ ಇಲ್ಲವೋ, ನಾನು ಯಾವತ್ತೂ ನೋಡಿಲ್ಲ.

ಏಪ್ರಿಲ್ 23, ಬುಧವಾರ

ಅಗಾಥಾ ಬಾಯಿ, ಸುಜಿನ್ ಮತ್ತು ನಾನು ಮತ್ತೆ ಡನ್‌ಮೋರ್‌ಗೆ ಹೋಗಿದ್ದೆವು. ಈಗ ಏಡಿ ಕೈಗೆ ಭಾರ. ಅವರು ಒಂದೊಂದನ್ನೇ ಆರಿಸುತ್ತಿದ್ದರೆ, ದೋಣಿಯವನು ಕಾಲೇಜಿನ ಪ್ರೊಫೆಸರ್ ಎದುರು ನಿಂತವನ ಹಾಗೆ ಕೈ ಕಟ್ಟಿ ನಿಂತಿದ್ದ. ಸತ್ತದ್ದು, ಮೆತ್ತಗಾದದ್ದು, ಕಾಲು ಉದುರಿದ್ದು ಯಾವುದೂ ಬೇಡ. ಮನೆಗೆ ಹೋದ ಕೂಡಲೇ ಒಂದು ದಿನ ಫ್ರೀಜರಿನಲ್ಲಿಡುತ್ತಾರಂತೆ. ಹುಳ ಸಾಯಲಿ ಎಂದು, ಏಡಿಗೂ ಕಷ್ಟವಾಗದಿರಲಿ ಎಂದು.

ಬ್ಯಾಕ್ಟೀರಿಯಾ ಸಾಯುತ್ತದಾ ಎಂದು ಸುಜಿನ್‌ಳ ಮೂಲಕ ಕೇಳಿಸಿದೆ. ಅಗಾಥಾ ಬಾಯಿ ಕೈಯಲ್ಲಿದ್ದ ಏಡಿಯನ್ನು ಕೆಳಗಿಟ್ಟು ನನ್ನತ್ತ ತಿರುಗಿ, ಎಲ್ಲವೂ ಸಾಯುವುದಿಲ್ಲ, ಅದಕ್ಕೇ ನಾವು ಬೇಸಗೆಯಲ್ಲಿ ಮಾಡುವುದಿಲ್ಲ, ಬಸುರಿಗೆ ಕೊಡುವುದಿಲ್ಲ, ಕಾಯಿಲೆಯವರಿಗೆ ಕೊಡುವುದಿಲ್ಲ ಎಂದರು. ನಿಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿ ತಾನೆ ಎಂದು ಕೇಳಿದರು.

ನಾನು ಗಟ್ಟಿ ಎಂದೆ. ಪ್ರಮಾಣ ಮಾಡಿದವಳು ಬೇರೆ ಏನು ಹೇಳುವುದು.

ಮೂರು ರಾತ್ರಿ ಕಳೆದರೆ ತಿನ್ನಲು ಸಿದ್ಧ. ಪಪ್ಪನ ತಟ್ಟೆಗೆ ಅದು ಬೀಳದ ಹಾಗೆ ಮಾಡಲು ನನ್ನ ಬಳಿ ನಾಲ್ಕು ಉಪಾಯಗಳಿವೆ. ನಾಲ್ಕನ್ನೂ ನನ್ನ ಹನ್ನೆರಡನೇ ವಯಸ್ಸಿನಲ್ಲೇ ಎಲ್ಲರೂ ಕಂಡುಹಿಡಿದಿದ್ದಾರೆ.

ಏಪ್ರಿಲ್ 26, ಶನಿವಾರ

ಘಟನೆಗಳನ್ನು ಕ್ರಮವಾಗಿ ದಾಖಲಿಸುತ್ತೇನೆ, ಮುಂದೆ ವಿಚಾರಣೆ ನಡೆದರೆ ಬೇಕಾದೀತು.

ಬೆಳಿಗ್ಗೆ ಡೆರಿಕ್ ಅಣ್ಣ ಜಾಡಿ ತಂದ. ಊಟಕ್ಕೆ ಮುಂಚಿನ ದಿನ ಹುಡುಗಿಯ ಕಡೆಯಿಂದ ತಿಂಡಿ ಕಳಿಸುವುದು ಅವರ ಪದ್ಧತಿ. ಫ್ರಿಜ್ಜಿನಲ್ಲಿಡಿ ಎಂದವನೇ ಹೊರಟ, ನಾಳೆ ಅವರನ್ನು ಕರೆತರುವ ಕಾರು ತೊಳೆಸಬೇಕಂತೆ. ತಿನ್ನುವ ಬಗೆ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಮಮ್ಮಿ ಮಾರ್ಕೆಟ್ಟಿನಿಂದ ಬರುವ ಮೊದಲು ನಾನು ಜಾಡಿಯ ಮುಚ್ಚಳ ತೆಗೆದೆ. ಕಪ್ಪು ಸೋಯಾದಲ್ಲಿ ಏಡಿಗಳು ನಿದ್ದೆ ಹೋದಂತೆ ಮಲಗಿದ್ದವು, ನಡುವೆ ಹಸಿಮೆಣಸು ತೇಲುತ್ತಿತ್ತು. ನನ್ನ ಲ್ಯಾಪ್‌ಟಾಪನ್ನು ಬಡವರಿಗೂ, ಸಾಲದ ಪುಸ್ತಕಗಳನ್ನು ಲೈಬ್ರರಿಗೂ ಬಿಟ್ಟುಹೋಗುವುದಾಗಿ ಗೋಡೆಯ ಯೇಸುವಿನೆದುರು ಮರಣಶಾಸನ ಓದಿ, ಒಂದು ಕಾಲು ಮುರಿದು ಹಿಂಡಿದೆ.

ಹೇಗೆ ಬರೆಯುವುದು. ಬೆಂದ ಏಡಿ ನಾರು ನಾರಾಗಿರುತ್ತದೆ. ಇದು ಎಳನೀರಿನ ಗಂಜಿಯ ಹಾಗೆ ತಾನೇ ಜಾರಿ ಬಂತು. ತಣ್ಣಗೆ. ಮೊದಲು ಸೋಯಾದ ಉಪ್ಪು, ಅದರ ಹಿಂದೆ ಒಂದು ಸಿಹಿ, ಸಕ್ಕರೆಯದಲ್ಲ. ಆ ಸೋಯಾ ಅಂಗಡಿಯ ಬಾಟಲಿಯ ಸೋಯಾದಂತೆ ಬರೀ ಉಪ್ಪಲ್ಲ, ಬಹಳ ವರ್ಷ ಯಾರೋ ಯೋಚಿಸಿದ ಹಾಗಿತ್ತು. ನಿಂತಲ್ಲೇ ನಿನ್ನೆಯ ಅನ್ನ ತಟ್ಟೆ ತುಂಬ ಹಾಕಿಕೊಂಡು ತಿಂದೆ. ಇನ್ನೊಂದು ಕಾಲು ಮುರಿದೆ. ಕಳ್ಳ ಯಾರು, ಏಡಿಯೋ ನಾನೋ ತಿಳಿಯದು.

ಇಷ್ಟು ರುಚಿಯಾದದ್ದನ್ನು ಪಪ್ಪ ಒಂದು ತುಂಡಿಗೆ ಬಿಡುವುದಿಲ್ಲ ಎಂದು ಆಗ ನನಗೆ ಖಾತ್ರಿಯಾಯಿತು.

ಮಮ್ಮಿ ಬಂದು ಜಾಡಿ ನೋಡಿದರು. ಊರಿನಲ್ಲಿ ನೆರೆಮನೆಗೆ ಮೀನು ಕಳಿಸುವಾಗ ಮಸಾಲೆ ಸವರಿಯೇ ಕಳಿಸುತ್ತೇವೆ, ಅವರು ಬಿಸಿಬಿಸಿ ಹುರಿದುಕೊಳ್ಳಲಿ ಎಂದು. ಮಮ್ಮಿಯ ಮುಖದಲ್ಲಿ ಆ ತಿಳಿವಳಿಕೆ ಬೆಳಗಿತು.

“ಎಷ್ಟು ಮರ್ಯಾದೆ ನೋಡು ಅವರಿಗೆ,” ಎಂದರು. “ಆರಿಸಿ, ತೊಳೆದು, ಉಪ್ಪುಹುಳಿ ಹಾಕಿ ಕಳಿಸಿದ್ದಾರೆ. ನಾನು ಒಗ್ಗರಣೆಗೆ ಹಾಕಿದ್ರೆ ಆಯ್ತು.”

ನನ್ನ ಐದನೆಯ ಉಪಾಯ ತಾನೇ ನಡೆದು ಬಂದು ಅಡುಗೆಮನೆಯಲ್ಲಿ ನಿಂತಿತ್ತು. ನಾನು ಮಾಡಬೇಕಾದದ್ದು ಏನೂ ಇಲ್ಲ. ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೇ.

ಮುಚ್ಚಿಕೊಂಡಿದ್ದೆ. ತೆಂಗಿನತುರಿ ತರಲು ಕಳಿಸಿದರು, ಹೋದೆ. ಬರುವಾಗ ಮಮ್ಮಿ ಏಡಿಯನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತಿದ್ದರು. ಕಪ್ಪು ನೀರು ಸಿಂಕಿನ ತೂತಿನಲ್ಲಿ ಸುತ್ತಿ ಇಳಿಯುತ್ತಿತ್ತು. ಈಗ ಮನೆಯಿಡೀ ತೆಂಗಿನತುರಿ ಹಾಕಿ ಹುರಿದ ಏಡಿ ಸುಕ್ಕದ ಪರಿಮಳ. ಪಪ್ಪ ಪಾತ್ರೆಯೊಳಗೆ ಇಣುಕಿ, ಬೆಂದಿದೆ ಎಂದು ಕಂಡು, ನನ್ನನ್ನು ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ.

ಏಪ್ರಿಲ್ 27, ಭಾನುವಾರ

ಬರೆಯದೆ ಮಲಗಬಹುದಿತ್ತು.

ಮೇಜು ಚೆನ್ನಾಗಿತ್ತು. ಸಣ್ಣ ಎಂಬ ನಮ್ಮ ಅಕ್ಕಿಯ ಇಡ್ಲಿ, ಹಂದಿಮಾಂಸದ ಸಾರು, ಅನ್ನ, ಅಗಾಥಾ ಬಾಯಿ ತಂದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ. ಮಮ್ಮಿ ಕೊನೆಗೆ ಏಡಿಯ ಪಾತ್ರೆ ತಂದು, ಎಲ್ಲರೂ ನೋಡುವಂತೆ ಮುಚ್ಚಳ ತೆಗೆದರು. ತೆಂಗಿನಕಾಯಿಯ ನಡುವೆ ಕೆಂಪಗೆ ಬೆಂದ ಏಡಿ.

ಅಗಾಥಾ ಬಾಯಿ ಪಾತ್ರೆಯನ್ನು ನೋಡಿದರು. ಸುಜಿನ್ ಡೆರಿಕ್ ಅಣ್ಣನನ್ನು ನೋಡಿದಳು. ಅಗಾಥಾ ಬಾಯಿ ಒಂದು ತುಂಡು ಹಾಕಿಸಿಕೊಂಡು, ಪೂರ್ತಿ ತಿಂದು, ತಲೆಬಾಗಿಸಿ ಚೆನ್ನಾಗಿದೆ ಎಂದರು. ನಂತರ ಮಗಳ ಕಿವಿಯಲ್ಲಿ ಏನೋ ಕೇಳಿದರು.

ಸುಜಿನ್ ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ, “ಆಂಟಿ, ಸಾಸ್ ಎಲ್ಲಿಟ್ಟಿದ್ದೀರಿ?” ಎಂದಳು.

“ಆ ಕಪ್ಪು ನೀರಾ? ಚೆಲ್ಲಿದೆ ಅಲ್ವಾ,” ಎಂದರು ಮಮ್ಮಿ ನಗುತ್ತಾ. “ಭಯಂಕರ ಉಪ್ಪಿತ್ತು. ಚೆಂದ ಮಾಡಿ ತೊಳೆದೆ.”

ಸುಜಿನ್ ಭಾಷಾಂತರ ಮಾಡಿದ ಮೇಲೆ ಅಗಾಥಾ ಬಾಯಿ ಚಮಚವನ್ನು ತಟ್ಟೆಯ ಪಕ್ಕ ಸದ್ದಿಲ್ಲದೆ ಇಟ್ಟರು.

ಆ ಸೋಯಾ ಅಂಗಡಿಯದಲ್ಲ. ಸುಜಿನ್‌ಳ ಅಜ್ಜಿ ಮದುವೆಯಾಗಿ ಬಂದ ವರ್ಷ ಹಾಕಿದ ಮಣ್ಣಿನ ಭರಣಿಯದು. ಪ್ರತಿ ವರ್ಷ ಹಳೆಯದರ ಮೇಲೆ ಹೊಸದನ್ನು ಸೇರಿಸುತ್ತಾ ಬಂದದ್ದು. ಮನೆ ಮಾರಿ ಫ್ಲ್ಯಾಟಿಗೆ ಹೋಗುವಾಗ ಭರಣಿ ಒಯ್ಯಲಾಗಲಿಲ್ಲ, ಬಾಟಲಿಗಳಲ್ಲಿ ತುಂಬಿಟ್ಟರು. ಕೊನೆಯ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಇಲ್ಲಿಗೆ ತಂದಿದ್ದರು, ಕಿರಿಯ ಮಗಳ ಬೀಗರಿಗೆಂದು. ಇದನ್ನು ಸುಜಿನ್ ಹೇಳಿ ಮುಗಿಸುವ ಹೊತ್ತಿಗೆ ಮಮ್ಮಿಯ ಕೈ ಬಾಯಿಯ ಮೇಲಿತ್ತು.

ನಾನು ಹಸಿ ಏಡಿಯ ಬಗ್ಗೆ ಎಲ್ಲ ಓದಿದ್ದೆ. ಸೋಯಾದ ಬಗ್ಗೆ ಏನೂ ಓದಿರಲಿಲ್ಲ. ಅಪಾಯ ಏಡಿಯಲ್ಲಿತ್ತು. ಕುದಿಸಿ ಕುದಿಸಿ ಇಟ್ಟ ಆ ಸಾಸನ್ನು ಇನ್ನೊಮ್ಮೆ ಕುದಿಸಿ ಒಂದು ಬಾಟಲಿಗೆ ಹಾಕಿಟ್ಟಿದ್ದರೆ ಆಗುತ್ತಿತ್ತು.

“ರೆಶೆಲ್,” ಎಂದ ಡೆರಿಕ್ ಅಣ್ಣ. “ಇದು ಬೇಯಿಸ್ಲಿಕ್ಕೆ ಇಲ್ಲ ಅಂತ ನಿಂಗೆ ಗೊತ್ತಿತ್ತು. ಸುಜಿನ್ ನಿಂಗೆ ಹೇಳಿದ್ಲು.”

“ಗೊತ್ತಿತ್ತು.”

“ಮತ್ತೆ ಮಮ್ಮಿಗೆ ಯಾಕೆ ಹೇಳ್ಲಿಲ್ಲ? ಇದು ಕೂಡ ನಿನ್ನ ತಮಾಷೆಯಾ?”

ಪಪ್ಪ ತಟ್ಟೆ ನೋಡುತ್ತಿದ್ದರು. ನಾನು ಮಾಡಿದ ತಮಾಷೆಗಳಿಗೆಲ್ಲ ಇಷ್ಟು ವರ್ಷ ‘ನಾನಲ್ಲ’ ಎಂದು ತಪ್ಪಿಸಿಕೊಂಡವಳು. ಇವತ್ತು ಬೇರೆ ಉತ್ತರ ಸಿಗಲಿಲ್ಲ.

“ಹೌದು,” ಎಂದೆ. “ತಮಾಷೆಗೆ.”

ಅಣ್ಣ ಕುರ್ಚಿ ಹಿಂದೆ ತಳ್ಳಿ ಎದ್ದ. ಒಬ್ಬರ ಅಜ್ಜಿಯ ನೆನಪನ್ನು ಸಿಂಕಿಗೆ ಹೊಯ್ಯುವುದು ತಮಾಷೆಯಾದರೆ ಈ ಮನೆಗೆ ಸುಜಿನ್ ಬರಬೇಕೋ ಬೇಡವೋ ಅವಳೇ ಯೋಚಿಸಲಿ ಎಂದ. ಅವಳ ಕೋಟನ್ನು ಕೈಗೆ ಎತ್ತಿಕೊಂಡ. ಮಮ್ಮಿ “ಕೂತ್ಕೊ ಮಗಾ” ಎನ್ನುತ್ತಿದ್ದರು. ಅವನು ಕೂರಲಿಲ್ಲ.

ಆಗ ಪಪ್ಪ ಮಾತಾಡಿದರು. ಅಗಾಥಾ ಬಾಯಿಗೆ ಅರ್ಥವಾಗಬೇಕೆಂದು ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದವಾಗಿ.

“ಅವಳದ್ದು ತಪ್ಪಲ್ಲ. ನನ್ನ ಲಿವರ್ ಹಾಳಾಗಿದೆ. ಹಸಿ ತಿಂದರೆ ನಾನು ಸಾಯಬಹುದು. ಮರ್ಯಾದೆಗೆ ಹೆದರಿ ತಿನ್ನುತ್ತೇನೆ ಅಂತ ಅವಳಿಗೆ ಹೇಳಿದ್ದೆ. ಯಾರಿಗೂ ಹೇಳಬೇಡ ಅಂತಲೂ ಹೇಳಿದ್ದೆ.” ಕೊನೆಗೆ, “ನಾನು ಕುಡಿಯುವುದಿಲ್ಲ,” ಎಂದರು.

ಮಮ್ಮಿ ಪಪ್ಪನನ್ನು ನೋಡುತ್ತಿದ್ದರು, ಎಲ್ಲೋ ನೋಡಿದ ಮುಖ, ಎಲ್ಲಿ ಎಂದು ನೆನಪಾಗುತ್ತಿಲ್ಲ ಎನ್ನುವ ಹಾಗೆ. ಅಣ್ಣನ ಕೈಯಲ್ಲಿ ಇನ್ನೂ ಕೋಟು ಇತ್ತು.

ತಾಯಿ ಮಗಳು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಅಗಾಥಾ ಬಾಯಿ, ತೊಳೆಯುವ ಮೊದಲು ಯಾರಾದರೂ ತಿಂದಿರಾ ಎಂದು ಕೇಳಿಸಿದರು. ನಾನು ಶಾಲೆಯಲ್ಲಿ ಮಾಡುವಂತೆ ಕೈ ಎತ್ತಿದೆ.

“ಉಪ್ಪು?” ಎಂದರು, ನೇರ ನನಗೆ.

ಸರಿಯಾಗಿತ್ತು, ನಿಂತುಕೊಂಡೇ ಒಂದು ತಟ್ಟೆ ಅನ್ನ ತಿಂದೆ ಎಂದೆ. ಸುಜಿನ್ ಅದನ್ನು ಹೇಳಿದಾಗ ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ನೀರು ಕುಡಿದರು. ಕಾಫಿಗೆ ನಿಲ್ಲದೆ ಹೊರಟರು. ಅಣ್ಣ ಯಾರಿಗೂ ಬಾಯ್ ಹೇಳಲಿಲ್ಲ.

ಏಪ್ರಿಲ್ 28, ಸೋಮವಾರ

ಮಮ್ಮಿ ಪಪ್ಪನ ಜತೆ ಮಾತಾಡುವುದಿಲ್ಲ, ನನ್ನ ಜತೆಯೂ ಇಲ್ಲ. ಬೆಳಿಗ್ಗೆ ಸಿಂಕಿನ ಮೇಲೆ ಬಗ್ಗಿ ಆ ತೂತನ್ನು ಮೂಸುತ್ತಿದ್ದರು. ನನ್ನನ್ನು ಕಂಡು ನಲ್ಲಿ ಬಿಟ್ಟರು.

ಏಪ್ರಿಲ್ 30, ಬುಧವಾರ

ಅಣ್ಣನ ಫೋನ್ ಇಲ್ಲ. ಸುಜಿನ್‌ಗೆ ಕ್ಷಮೆ ಕೇಳಿ ಮೆಸೇಜ್ ಹಾಕಿದೆ. ನೋಡಿದ್ದಾಳೆ, ಉತ್ತರವಿಲ್ಲ. ಪಪ್ಪ ಶಿಫ್ಟ್ ಮುಗಿಸಿ ಬಂದವರು, ಸಂಬಂಧ ಮುರಿಯಿತಾ ಎಂದು ನನ್ನನ್ನು ಕೇಳಿದರು, ನನಗೆ ಗೊತ್ತಿರುತ್ತದೆ ಎನ್ನುವ ಹಾಗೆ. ಬೆಳಿಗ್ಗಿನ ಗುಳಿಗೆ ತಗೊಂಡಿರಾ ಎಂದು ಕೇಳಿದೆ. ತಗೊಂಡಿರಲಿಲ್ಲ. ಕೊಟ್ಟೆ. ಮುಂದಿನ ಸ್ಕ್ಯಾನ್ ಮೇ ಹನ್ನೆರಡಕ್ಕೆ, ನನ್ನ ಪರೀಕ್ಷೆ ಹದಿಮೂರಕ್ಕೆ, ತೊಂದರೆಯಿಲ್ಲ. ಸಾರಿಗೆ ಉಪ್ಪು ಅರ್ಧ ಹಾಕುವುದಕ್ಕೆ ಮಮ್ಮಿ ತಾವಾಗಿಯೇ ಶುರು ಮಾಡಿದ್ದಾರೆ, ಮಾತಿಲ್ಲದೆ.

ಮಿಸೆಸ್ ಪವರ್ ಬೇಲಿಯಾಚೆಯಿಂದ, ಇತ್ತೀಚೆಗೆ ನಿಮ್ಮ ಹುಲ್ಲು ಬಹಳ ಖಾಲಿ ಕಾಣುತ್ತದೆ ಎಂದರು. ಯಾಕೆ ಹಾಗೆಂದರೋ.

ಮೇ 3, ಶನಿವಾರ

ಹತ್ತು ಗಂಟೆಯ ಬಸ್ಸಿಗೆ ಅಗಾಥಾ ಬಾಯಿ ಮತ್ತು ಸುಜಿನ್ ಬಂದರು. ಹಿಂದೆ ಕಾರಿನಲ್ಲಿ ಅಣ್ಣ. ಬೇರೆ ಬೇರೆ ಯಾಕೆ ಬಂದರೆಂದು ಕೇಳಲಿಲ್ಲ. ಆಮೇಲೆ ಸುಜಿನ್ ಹೇಳಿದಳು, ಅವಳು ಅಣ್ಣನ ಜತೆಯೂ ಜಗಳವಾಡಿದ್ದಳಂತೆ. ಜಾಡಿ ಕೊಡುವಾಗ ಎರಡು ಮಾತು ಹೇಳಲು ಅವನಿಗೆ ಏನಾಗಿತ್ತು ಎಂದು.

ಮಮ್ಮಿ ಬಾಗಿಲಲ್ಲೇ ಕೈ ಮುಗಿದು ಅಳಲು ಶುರುಮಾಡಿದರು. ಅಗಾಥಾ ಬಾಯಿ ಅವರ ಮುಗಿದ ಕೈಗಳನ್ನು ಬಿಡಿಸಿ ಕೆಳಗಿಳಿಸಿ, ಅಡುಗೆಮನೆಗೆ ನಡೆದರು. ಪಪ್ಪನನ್ನು ಎದುರು ಕೂರಿಸಿಕೊಂಡು, ಸುಜಿನ್‌ಳ ಮೂಲಕ, ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದರು. ಯಾವಾಗಿನಿಂದ. ಕಾಲು ಊದುತ್ತದಾ. ಹೊಟ್ಟೆಯಲ್ಲಿ ನೀರು ಬಂದಿದೆಯಾ. ಪಪ್ಪ ಹೇಳಿದರು. ಮಮ್ಮಿ ಗೋಡೆಗೆ ಒರಗಿ ನಿಂತು ಕೇಳಿದರು. ನನಗೂ ಹೊಸದಾಗಿದ್ದ ಒಂದೆರಡು ವಿಷಯ ಇದ್ದವು.

ನಂತರ ಅಗಾಥಾ ಬಾಯಿ ಅಣ್ಣನತ್ತ ತಿರುಗಿ, ಈ ದೇಶದಲ್ಲಿ ಮದುವೆಗೆ ಎಷ್ಟು ಮುಂಚೆ ಬರೆದುಕೊಡಬೇಕು ಎಂದರು. ಮೂರು ತಿಂಗಳ ನೋಟಿಸ್ ಎಂದ ಅವನು.

“ಹಾಗಾದರೆ ಆಗಸ್ಟ್,” ಎಂದರು ಅವರು. “ಮೊದಲ ಶನಿವಾರ ಯಾವುದು ಸಿಗುತ್ತದೋ ಅದು.”

“ಆಗಸ್ಟಿಗೆ ಹಾಲ್ ಎಲ್ಲಿ ಸಿಗ್ತದೆ?” ಎಂದರು ಮಮ್ಮಿ. “ಊರಿಂದ ಜನ ಬರ್ಬೇಕು, ವೀಸಾ ಆಗ್ಬೇಕು, ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಚಪ್ಪರ ಹಾಕ್ಬೇಡ್ವಾ? ಅಷ್ಟು ಅವಸರ ಎಂತದ್ದು?”

ಸುಜಿನ್ ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಾ, ತನ್ನ ಅಕ್ಕನ ಮದುವೆಯನ್ನು ಒಳ್ಳೆಯ ಹಾಲ್ ಸಿಗಲೆಂದು ವಸಂತದವರೆಗೆ ಮುಂದೂಡಿದ್ದರು ಎಂದಳು. ಅಪ್ಪ ಅದಕ್ಕೆ ಮುಂಚಿನ ಚಳಿಗಾಲದಲ್ಲೇ ತೀರಿಹೋದರು ಎಂದಳು.

ಡೆರಿಕ್ ಅಣ್ಣ ಕಿಟಕಿಯತ್ತ ಹೋಗಿ ನಿಂತ. ಮಮ್ಮಿ ಮತ್ತೆ ಹೋಟೆಲ್ ಹಾಲ್‌ನ ವಿಷಯ ಎತ್ತಲಿಲ್ಲ.

“ಆಗಸ್ಟ್ ಗ್ರ್ಯಾಂಡ್,” ಎಂದರು ಪಪ್ಪ. “ಆಗಸ್ಟ್ ಆದ್ರೆ ಹೊಸ ಸೂಟು ಹೊಲಿಸುದು ಬೇಡ. ಹಳೇದೇ ಆಗ್ತದೆ.”

ಯಾರೂ ಕೇಳದಿದ್ದರೂ ಮಹಡಿಗೆ ಹೋಗಿ ಹಾಕಿಕೊಂಡೇ ಬಂದರು, ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಹೊಲಿಸಿದ ನೀಲಿ ಸೂಟು. ಅಡುಗೆಮನೆಯ ನಡುವೆ ನಿಂತು, ಹೇಗುಂಟು ರೆಶೆಲ್ ಎಂದರು. ಮಮ್ಮಿ ಅವರ ಬೆನ್ನ ಹಿಂದೆ ಹೋಗಿ, ಕೋಟಿನ ಸಡಿಲ ಬಟ್ಟೆಯನ್ನು ಮುಷ್ಟಿಯಲ್ಲಿ ಒಟ್ಟುಮಾಡಿ ಬಿಗಿಯಾಗಿ ಹಿಡಿದುಕೊಂಡು ನಿಂತರು. ಮುಂದಿನಿಂದ ನೋಡಿದರೆ ಅಳತೆ ಸರಿಯಾಗಿಯೇ ಇತ್ತು.

ಸರಿಯಾಗಿದೆ ಪಪ್ಪಾ ಎಂದೆ.